ಕೆಳಗಿನೆರಡು

ಉಪ್ಪಳ್ಳಿಯ ಸೈಕಲ್ ಶಾಪಿನ ಮೇಲೆ
ಹನ್ನೊಂದು ಮೆಟ್ಟಿಲು, ಆಮೇಲೆ ಬೊನಾವೆಂಚರ್ ಮೇಷ್ಟ್ರು.
ಒಂದು ಕಾಲಕ್ಕೆ ಕ್ಲಬ್ಬಿನಲ್ಲಿ
ಪ್ಲಾಂಟರುಗಳು ಜೀಪು ಹತ್ತಿ ಹೋದ ಮೇಲೂ
ಖಾಲಿ ಕುರ್ಚಿಗಳಿಗೆ ಜಾಝ್ ಊದುತ್ತಿದ್ದರಂತೆ.
(ಅವರೇ ಹೇಳಿದ್ದು, ಪೂರ್ತಿ ನಂಬಬೇಡಿ.)

ಮೊದಲ ತಿಂಗಳು ಸ್ಯಾಕ್ಸೊಫೋನ್ ಮುಟ್ಟಗೊಡಲಿಲ್ಲ.
"ಕ್ಯೂರಿಂಗ್ ವರ್ಕ್ಸಿನ ಸೈರನ್ ಕೇಳ್ರೋ.
ನಿಲ್ಲೋ ಮುಂಚೆ ಒಂಚೂರು ಬಾಗುತ್ತಲ್ಲ,
ಪಾಠ ಇರೋದು ಅಲ್ಲಿ."

ಮದುವೆ ಬ್ಯಾಂಡಿನ ಮುನೀರ, ನಾನು,
ಜೋಯಿಸರ ಮನೆ ವಾರಿಜ.
ಮೂವರಿಗೂ ಒಂದೇ ವಾದ್ಯ.
ಒಬ್ಬರ ಎಂಜಲು
ಮೇಷ್ಟ್ರ ಕರ್ಚೀಫಿನಲ್ಲಿ ಒರೆಸಿ
ಇನ್ನೊಬ್ಬರ ಬಾಯಿಗೆ.
ಮನೆಯಲ್ಲಿ ಹೇಳಲಿಲ್ಲ ಯಾರೂ.

ವಾರಿಜ ಈಗ ಹಲ್ಲಿನ ಡಾಕ್ಟರು.
"ಎಲ್ಲಾ ಕೀಳಬೇಕು ಮೇಷ್ಟ್ರೇ" ಅಂದಳು.

"ಕೆಳಗಿನೆರಡು ಬಿಡಮ್ಮ,
ರೀಡು ಕೂರಬೇಕಲ್ಲ."

ವಾದ್ಯ ಮಾರಿ ಆರು ವರ್ಷವಾಗಿತ್ತು.

ಬಿಟ್ಟಳು.