ಎಲ್ ಬೋರ್ಡು

ಮೊದಲ ದಿನವೇ ತಪ್ಪು ಬಾಗಿಲು ತೆಗೆದು ಕೂತೆ.
ಎದುರಿಗೆ ಚಕ್ರವೇ ಇಲ್ಲ.
"ಮಾವ್ಶಿ, ಈ ದೇಶದಲ್ಲಿ ಡ್ರೈವರ್ ಬಲಕ್ಕೆ" ಎಂದ
ಸೂರಜ ಬಾಂದೇಕರ, ಇಪ್ಪತ್ತನಾಲ್ಕರ ಹುಡುಗ, ನನ್ನ ಗುರು.
ಮಸ್ಕತ್ತಿನ ಆಸ್ಪತ್ರೆಯ ವ್ಯಾನಿನಲ್ಲಿ ಹನ್ನೊಂದು ವರ್ಷ
ಒಗೆದ ಚಾದರಗಳ ನಡುವೆ ಕೂತು
ಡ್ರೈವರನ ಬಲಗಿವಿಯನ್ನೇ ನೋಡಿದವಳಿಗೆ
ಎಡ ಬಲ ಇಷ್ಟು ಬೇಗ ತಿರುಗುವುದೇ?

ಅರ್ಜಿಯಲ್ಲಿ ವೃತ್ತಿ ಎಂಬಲ್ಲಿ
ಕೇಳದೆಯೇ ಬರೆದಿದ್ದ: ಗೃಹಿಣಿ.
ಯಾರ ಗೃಹಿಣಿಯೂ ಆದವಳಲ್ಲ ನಾನು.
ಎಷ್ಟೋ ಗೃಹಗಳ ಕೀಲಿ ಮಾತ್ರ
ನನ್ನ ಸೊಂಟದಲ್ಲಿ ಕುಣಿದದ್ದುಂಟು.
ಇರಲಿ ಬಿಡು, ಅಂದೆ. ಗೆರೆ ಸಣ್ಣದಿತ್ತು.

ಶುರುವಾದದ್ದು ಬೈತಖೋಲದಲ್ಲಿ, ಸಿಗಡಿ ಸುಲಿಯುತ್ತ,
ಮಂಜುಗಡ್ಡೆಯ ನೀರಲ್ಲಿ ಮರಗಟ್ಟಿದ ಬೆರಳು.
ಉಗುರಸಂದಿಯ ಆ ವಾಸನೆ ಹೋಗಲೆಂದೇ
ಕುವೈತಿಗೆ ಹೋದೆ, ಆಯಾ ಆಗಿ.
ಹೋಯಿತು ಕೂಡ. ಅತ್ತರಿನ ಮನೆ ಅದು.
ಮಗು ನನ್ನಿಂದ ಕಲಿತದ್ದು ಒಂದೇ ಮಾತು,
ಬಾಯಾರಿದರೆ "ಉದಕ್" ಅನ್ನುತ್ತಿತ್ತು.
ತೊಂಬತ್ತರ ಆಗಸ್ಟಿನಲ್ಲಿ ಬೀದಿಗೆ ಟ್ಯಾಂಕು ಬಂದವು.
ಅವರು ಮಗುವನ್ನೆತ್ತಿಕೊಂಡು ಒಂದು ದಿಕ್ಕಿಗೆ,
ನಾನು ಬಸ್ಸು ಹತ್ತಿ ಅಮ್ಮಾನಿನ ದಿಕ್ಕಿಗೆ.
ಆ ಮರಳಿನಲ್ಲಿ ಅದು ಉದಕ್ ಅಂದಾಗ
ಯಾರಿಗೆ ಅರ್ಥವಾಯಿತೋ.

"ಮೊದಲು ಕ್ಲಚ್ಚು ಮಾವ್ಶಿ, ಗೇರು ಆಮೇಲೆ!"
ಕ್ಲಚ್ಚು ಒತ್ತದೆಯೇ ಬದಲಿಸಿದವಳಪ್ಪ ನಾನು,
ಅದಕ್ಕೇ ಈ ಕರಕರ.
ಚಾದರ ಬಿಟ್ಟು ಸೆಶೆಲ್ಸ್‌ನ ಡಬ್ಬಿ ಕಾರ್ಖಾನೆಗೆ ಇಳಿದರೆ
ಅಲ್ಲೂ ಮೀನು!
ನನಗಿಂತ ಮೊದಲೇ ತಲುಪಿ ಬಾಗಿಲಲ್ಲಿ ನಿಂತಿತ್ತು
ಬೈತಖೋಲದ ವಾಸನೆ,
ಏನು, ಬಂದೆಯಾ? ಎಂಬಂತೆ.

ಆಮೇಲೆ ಸೈಪ್ರಸ್. ಮುದುಕಿ ದೆಸ್ಪಿನಾ
ಹಾಸಿಗೆಯಿಂದ "ಎಲಾ, ಎಲಾ" ಎಂದು ಕೂಗಿದಾಗಲೆಲ್ಲ
ಎದೆ ಧಸಕ್ಕೆನ್ನುತ್ತಿತ್ತು. ನಮ್ಮ ಮಾಸ್ತರರು
ಬೆತ್ತ ಎತ್ತುವ ಮುಂಚೆ ಹಾಗೇ ಅನ್ನುತ್ತಿದ್ದರಲ್ಲ.
ಅಲ್ಲಿ ಎಲಾ ಅಂದರೆ ಬಾ ಅಂತೆ, ಅಷ್ಟೇ.
ತಿಳಿಯಲು ವಾರ ಹಿಡಿಯಿತು.
ಕೊನೆಯ ರಾತ್ರಿ ಅವಳು ಕರೆದದ್ದು ನನ್ನನ್ನಲ್ಲ,
ಗೋಡೆಯತ್ತ ತಿರುಗಿ ಯಾರನ್ನೋ. ಆದರೂ ಹೋಗಿ ಕೈ ಹಿಡಿದೆ.

ಇಂದು ಹೆದ್ದಾರಿಗೆ ಬಂದಿದ್ದೇವೆ. ಬಿಣಗಾ ಏರಿನಲ್ಲಿ
ಸೂರಜ ಹಾಫ್ ಕ್ಲಚ್ಚು ಕಲಿಸುತ್ತಾನೆ.
ಹಿಂದಕ್ಕೆ ಜಾರದೆ, ಮುಂದಕ್ಕೂ ಹೋಗದೆ
ಇಳಿಜಾರಿನಲ್ಲಿ ಗಾಡಿ ಗಡಗಡ ನಡುಗುತ್ತದೆ.
"ಹೆದರಿಕೆಯಾ?" ಅಂದ.
"ಇಲ್ಲಪ್ಪ, ಇದೊಂದು ನನಗೆ ಮೊದಲೇ ಬರುತ್ತದೆ."

ಇಳಿದರೆ ಅರ್ಗಾ. ಉದ್ದಕ್ಕೂ ನೌಕಾನೆಲೆಯ ಗೋಡೆ.
ನಾನು ಮಸ್ಕತ್ತಿನಲ್ಲಿದ್ದಾಗ ಅಣ್ಣನ ಕಾಗದ ಬಂದಿತ್ತು,
ಹಿಂದೆ ಹೊಸ ವಿಳಾಸ: ತೋಡೂರು ಕಾಲನಿ, ಮನೆ ನಂಬರು ಇಷ್ಟು.
ನಾನು ನಾಲ್ಕು ದೇಶ ತಿರುಗಿದೆ ಎಂದು ಜಂಬಪಡುವಷ್ಟರಲ್ಲಿ
ನನ್ನ ಊರೇ, ಪಾಸ್‌ಪೋರ್ಟೂ ಇಲ್ಲದೆ,
ಬಲೆ, ದೋಣಿ, ತುಳಸಿಕಟ್ಟೆಯ ಕಲ್ಲು ಹೊತ್ತು
ಹೊರಟುಹೋಗಿತ್ತು.

ಸರಿಯಾಗಿ ಗೇಟಿನ ಎದುರು ಇಂಜಿನ್ ಬಂದಾಯಿತು.
ಬಾವಿ ಇದ್ದದ್ದು ಇಲ್ಲೇ, ಅಥವಾ ಆ ಕಂಬದ ಹತ್ತಿರ.
ಬಂದೂಕಿನ ಹುಡುಗ ಕೈ ಬೀಸುತ್ತ ಬಂದ:
ಇಲ್ಲಿ ನಿಲ್ಲಬಾರದು, ಮುಂದೆ, ಮುಂದೆ.
ಅದೇ ಮಾತನ್ನು ಐದಾರು ಭಾಷೆಯಲ್ಲಿ ಕೇಳಿದ್ದೇನೆ,
ಅವನ ಹಿಂದಿ ಅವುಗಳಲ್ಲೆಲ್ಲ ಮೆತ್ತಗೆ.
ಗಾಜಿನ ಮೇಲಿನ ಕೆಂಪು ಅಕ್ಷರ ತೋರಿಸಿದೆ.
"ಕಲಿಯುತ್ತಿದ್ದೇನಪ್ಪ."
ಅವನು ನಕ್ಕ. ಸೂರಜ ಬೆವರು ಒರೆಸಿಕೊಂಡ.
ಕೀಲಿ ತಿರುಗಿಸಿದೆ. ಎರಡನೆಯ ಸಲಕ್ಕೆ ಹಿಡಿಯಿತು.