ಜಿಲೇಬಿ ಮೀನಿನ ಅಳತೆ

ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟಿಗೆ ಕವರು ಹೊಲಿಯುವ
ದಸ್ತಗೀರ್ ಒಂದು ಡೇರೆ ಹೊಲಿದ.
ಉಳಿದ ರೆಕ್ಸಿನ್ ತುಂಡುಗಳದು:
ಒಂದು ಗೋಡೆ ಅಂಬಾಸಿಡರ್ ಕಂದು, ಇನ್ನೊಂದು ಆಟೋ ಹಸಿರು,
ಕಿಟಕಿಯೇ ಇಲ್ಲ.
ಒಳಗೆ ಕೂತರೆ ಯಾರೋ ಮಾಜಿ ಶಾಸಕರ
ಬೆನ್ನಿನ ಬೆವರು ಮೂಗಿಗೆ ಬರುತ್ತಿತ್ತು.

"ನೀನೂ ಬರಬೇಕು ಮುನಿಕದಿರಪ್ಪ" ಎಂದ.
ನನಗೆ ಈಜು ಬಾರದು, ಮೀನು ತಿನ್ನಲು ಮಾತ್ರ ಬರುತ್ತದೆ.
ಅದೇ ಸಾಕಂತೆ.

ಗಾಳ ಆರೋಗ್ಯಸ್ವಾಮಿಯದು.
ಅವನ ತಾತ ಯಾರೋ ದೊರೆಯ ಜೊತೆ ಹೋಗಿ
ಹೆಸರಘಟ್ಟದಲ್ಲಿ ಒಂದು ಮೀನು ಹಿಡಿದಿದ್ದರಂತೆ.
ತಾತ ತೀರಿಕೊಂಡ ಮೇಲೂ ಅದು ಬೆಳೆಯುತ್ತಲೇ ಇದೆ;
ಕಳೆದ ಕ್ರಿಸ್‌ಮಸ್‌ಗೆ ಆರು ಅಡಿ.

"ಜಕ್ಕೂರು ಕೆರೆಯಲ್ಲಿ ಜಿಲೇಬಿ ಇದೆ" ಅಂದ ಅವನು.
ದಸ್ತಗೀರನ ಕಣ್ಣರಳಿತು. "ಬಿಸಿಯಾಗಿದೆಯಾ?"
"ಅದು ಮೀನಿನ ಹೆಸರು ಗುರುವೇ."

ಎರೆಹುಳು ತರುವುದು ನನ್ನ ಪಾಲಿಗೆ.
ನಮ್ಮ ಬೀದಿಯಲ್ಲಿ ಮಣ್ಣೆಲ್ಲಿದೆ? ಕಾಂಕ್ರೀಟು.
ತುಳಸಿ ಕುಂಡ ಕೆದಕಿದ್ದಕ್ಕೆ ರುಕ್ಕಮ್ಮನಿಂದ ಬೈಸಿಕೊಂಡು
ಚಪಾತಿ ಹಿಟ್ಟಿಗೆ ಸೋಂಪು ಕಲಸಿ ಉಂಡೆ ಕಟ್ಟಿದೆ.

ಮಾಘದ ಚಳಿ. ಬೇಲಿಯ ತೂತಿನಲ್ಲಿ ನುಸುಳಿದೆವು.
ಏನೇನು ಮಾಡಬಾರದು ಎಂದು ಬೋರ್ಡಿನ ತುಂಬಾ ಬರೆದಿತ್ತು;
ಕತ್ತಲಲ್ಲಿ ಓದಲಾಗಲಿಲ್ಲ, ದೇವರು ದೊಡ್ಡವನು.

ಮೊದಲ ಬೀಸಿಗೆ ನನ್ನ ಮಂಕಿ ಕ್ಯಾಪು
ಕೊಕ್ಕರೆಯಂತೆ ಹಾರಿ ನೀರಿಗೆ ಬಿತ್ತು.
ಎರಡನೆಯದಕ್ಕೆ ಹೊಂಗೆಮರ ಸಿಕ್ಕಿತು, ದೊಡ್ಡದೇ,
ಎಳೆಯಲಾಗಲಿಲ್ಲ.
ಅಷ್ಟರಲ್ಲಿ ಒಂದು ಬೀದಿನಾಯಿ ಬಂದು
ಉಂಡೆಗಳನ್ನೆಲ್ಲ ಮುಗಿಸಿ, ತೇಗಿ,
ಡೇರೆಯೊಳಗೆ ಹೋಗಿ ಮಲಗಿತು.
ಎಬ್ಬಿಸಲು ಹೋದರೆ ಬಾಡಿಗೆ ಕೊಟ್ಟವರಂತೆ ಗುರ್ರೆಂದಿತು.
ನಾವು ಮೂವರು ಯಜಮಾನರು ಹೊರಗೆ,
ಸೊಳ್ಳೆಗಳಿಗೆ ನಾವೇ ಎರೆಹುಳು.

ಎರಡು ಗಂಟೆಗೆ ದಾರ ಜಗ್ಗಿತು.
"ಬಿಡಬೇಡ, ಬಿಡಬೇಡ!"
ಕಾಲು ಕೆಸರಲ್ಲಿ, ಪಂಚೆ ಎಲ್ಲೋ,
ಎಳೆಯುತ್ತಿದ್ದ ಮೂರು ಜೊತೆ ಕೈಗಳ ನಡುವೆ
ಇದ್ದಕ್ಕಿದ್ದಂತೆ ನಾಲ್ಕನೆಯ ಜೊತೆ:
ಕೆರೆಯ ವಾಚ್‌ಮನ್ ಶರಣಬಸಪ್ಪ, ಬಾಯಲ್ಲಿ ಟಾರ್ಚು.
"ಮೊದಲ ಜಗ್ಗರಿ, ಆಮ್ಯಾಲೆ ಬೈತೀನಿ."

ಮೇಲೆ ಬಂತು.
ಒಂದು ಕೈ.
ಮೊಣಕೈವರೆಗೆ, ದುಂಡಗೆ, ಗುಲಾಬಿ ಬಣ್ಣ,
ಅಂಗೈಯಲ್ಲಿ ಒಂದು ಮೋದಕ, ಎಲ್ಲೂ ಚೂರಾಗಿರಲಿಲ್ಲ.

ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಕ್ಕಿತಂತೆ.
ನಾವು ಕೆರೆ ಬಗೆದು ಇಲಿಯ ಯಜಮಾನನನ್ನೇ
ತುಂಡು ಮಾಡಿ ತಂದಿದ್ದೆವು.

ಶರಣಬಸಪ್ಪ ಚಪ್ಪಲಿ ಬಿಟ್ಟ.
ಆರೋಗ್ಯಸ್ವಾಮಿ ಶಿಲುಬೆಯ ಗುರುತು ಹಾಕಿಕೊಂಡ.
ದಸ್ತಗೀರ್ ತಲೆಗೆ ಕರ್ಚೀಫು ಕಟ್ಟಿದ.
ಏನು ಮಾಡಬೇಕೋ ತಿಳಿಯದೆ ನಾನು
ಆ ಕೈ ಹಿಡಿದು ಕುಲುಕಿಬಿಟ್ಟೆ.

"ಭಾದ್ರಪದದಾಗ ಹೋದಾಂವ ಈಗ ಬಂದಾನ ನೋಡ್ರಿ."
"ವಾಪಸ್ ಬಿಡೋಣವಾ?"
"ಪ್ಲಾಸ್ಟರ್ ನೀರಿಗೆ ಬಿಟ್ರ ದಂಡ ಐತ್ರಿ.
ಮೀನ್ ಹಿಡಿದಿದ್ರ ಅದಕ್ಕೂ ದಂಡ. ಹಿಡಿದಿಲ್ಲಲ್ಲ,
ಮನಿಗೆ ಒಯ್ಯಿರಿ."
ನಾಯಿಯನ್ನೂ ಒಯ್ಯಿರಿ ಎಂದ. ಅದು ಒಪ್ಪಲಿಲ್ಲ.
ಡೇರೆ ಈಗಲೂ ಅದರದೇ.

"ಮೀನೆಲ್ಲಿ?" ಎಂದಳು ರುಕ್ಕಮ್ಮ.
"ಜಿಲೇಬಿಗೆ ಹೋಗಿದ್ದೆವು, ಮೋದಕ ಸಿಕ್ಕಿತು" ಎಂದೆ.
ಕುಡಿದಿದ್ದೀಯಾ ಎಂದು ಬಾಯಿ ಮೂಸಿದಳು.

ಆ ಕೈ ಈಗ ದಸ್ತಗೀರನ ಅಂಗಡಿಯಲ್ಲಿ,
ದಾರದ ಉಂಡೆಗಳ ಪಕ್ಕದ ಗೂಡಿನಲ್ಲಿದೆ.
ಶನಿವಾರ ಸಂಜೆ ಗಿರಾಕಿಗಳು ಸೇರಿದರೆ
ಆರೋಗ್ಯಸ್ವಾಮಿ ಶುರು ಮಾಡುತ್ತಾನೆ:
ತಪ್ಪಿಸಿಕೊಂಡ ಮೀನು ಎಷ್ಟಿತ್ತು ಗೊತ್ತಾ?
ಒಂದು ಕೈಯಲ್ಲಿ ಟೀ ಲೋಟ, ಅಳತೆಗೆ ಉಳಿದದ್ದು ಇನ್ನೊಂದೇ.
ಅದಕ್ಕೆ, ಆ ಗುಲಾಬಿ ಕೈಯಿಂದ ಹಿಡಿದು
ತನ್ನ ಕೈವರೆಗೆ ತೋರಿಸುತ್ತಾನೆ,
ಹೇಳುತ್ತಾ ಹೇಳುತ್ತಾ ಹಿಂದೆ ಸರಿಯುತ್ತಾನೆ.
ಮೀನೇ ಇರಲಿಲ್ಲವಲ್ಲ ಎಂದು ನಾನೂ ಹೇಳುವುದಿಲ್ಲ.

ಮೊನ್ನೆ ಹೊಸ್ತಿಲು ದಾಟಿ, ಫುಟ್‌ಪಾತು ದಾಟಿ
ರಸ್ತೆಗೇ ಇಳಿದಿದ್ದ.
ಹಿಂದೆ ಮಾರ್ಕೆಟ್ಟಿನ ಬಸ್ಸು.
ದಸ್ತಗೀರ್ ಟೇಪು ಬಿಸಾಕಿ ಕೂಗಿದ:
"ಸಾಕು, ಸಾಕು, ಬಾಲ ಅಲ್ಲಿಗೇ ಮುಗಿಯಿತು, ಒಳಗೆ ಬಾ!"