ನಿಯತಕಾಲಿಕ ತೆಗೆದಾಗ

ಸುತ್ತೋಲೆ ಬಂದಿತ್ತು, ಅಚ್ಚ ಕನ್ನಡದಲ್ಲೇ:
'ನಿಯತಕಾಲಿಕ ತೆಗೆದಾಗ ಗುಂಡು ಹಾರದಂತೆ
ತಡೆಯುವ ವ್ಯವಸ್ಥೆ ಬೇಕೆ, ಬೇಡವೆ?
ಸಂಬಂಧಪಟ್ಟ ಚೌಕದಲ್ಲಿ ಗುರುತು ಹಾಕುವುದು.'
ಮ್ಯಾಗಜಿನ್ ಅಂದರೆ ವಾರಪತ್ರಿಕೆ ಅಂದುಕೊಂಡಿದ್ದ
ಯಾವನೋ ಪುಣ್ಯಾತ್ಮ.
ದುರ್ಗದ ಆಯುಧಾಗಾರದಲ್ಲಿ ಅವತ್ತು ನಕ್ಕ ನಗೆಗೆ
ಸರಪಳಿ ಹಾಕಿದ ರೈಫಲ್ಲುಗಳೂ ಅಲುಗಿರಬೇಕು.

ನಕ್ಕಾದ ಮೇಲೆ ಕೆಲಸ.
ಚಳ್ಳಕೆರೆ ಕಂಬಳಿಯ ತುಂಡು ಹಾಸಿ
ಎರಡು ಪಿಸ್ತೂಲು ಬಿಚ್ಚಿಟ್ಟೆ.
ನೋಡಲು ಅವಳಿ. ಒಂದಕ್ಕೆ ಮಾತ್ರ
ಹಿಡಿಯ ಗೂಡಿನೊಳಗೆ ಉಕ್ಕಿನ ಕಿರುನಾಲಿಗೆ,
ಭತ್ತದ ಕಾಳಿಗಿಂತ ಚೂರು ಉದ್ದ.
ಮ್ಯಾಗಜಿನ್ ಒಳಗಿದ್ದರೆ ಹಿಂದೆ ಸರಿದು ದಾರಿ ಬಿಡುತ್ತದೆ,
ತೆಗೆದರೆ ಎದ್ದು ಅಡ್ಡ ನಿಲ್ಲುತ್ತದೆ.
ಆಮೇಲೆ ಕುದುರೆ ಎಳೆ, ಎಷ್ಟು ಬೇಕಾದರೂ ಎಳೆ,
ಲಾಯದಲ್ಲೇ ಕಾಲು ಕೆದರುತ್ತದೆ, ಓಡುವುದಿಲ್ಲ.

ಬೇಕು, ಅನ್ನುತ್ತಿದ್ದ ಬೋಸಯ್ಯ.
ಅವನಿಗಿಂತ ಮೊದಲು ಅವನ ಎಡಗೈ ಅನ್ನುತ್ತಿತ್ತು:
ಅಂಗೈ ನಡುವೆ ಎಂಟಾಣೆಯಷ್ಟು ನುಣ್ಣನೆ ಗುಳಿ.
ಗಣಪತಿ ಬಂದೋಬಸ್ತು ಮುಗಿಸಿ ಬಂದ ರಾತ್ರಿ
ಮ್ಯಾಗಜಿನ್ ಕಿತ್ತು ಮೇಜಿನ ಮೇಲಿಟ್ಟು
'ಖಾಲಿ' ಅಂದ, ಒರೆಸಲು ಕೂತ.
ನಳಿಗೆಯ ಬುಡದಲ್ಲಿ ಒಂದು ಕೂತೇ ಇತ್ತು,
ಎಲ್ಲರೂ ಕೈತೊಳೆಯಲು ಎದ್ದ ಮೇಲೂ
ಪಂಕ್ತಿಯ ಕೊನೆಗೆ ಮಜ್ಜಿಗೆ ಕಾಯುವವನ ಹಾಗೆ.
ರೆಗ್ಯುಲೇಟರ್ ತೆಗೆದಿಟ್ಟರೂ ಒಲೆಯ ಪೈಪಿನಲ್ಲಿ
ಒಂದುಸಿರು ಗ್ಯಾಸ್ ಉಳಿದಿರುತ್ತದೆ,
ಅಡುಗೆ ಮಾಡುವವರಿಗೆ ಗೊತ್ತು.
ಬೋಸಯ್ಯನ ಮನೆಯಲ್ಲಿ ಅಡುಗೆ ಹೆಂಡತಿಯದು.

ಬೇಡ, ಅನ್ನುತ್ತಿದ್ದರು ಜಬೀವುಲ್ಲಾ ಸಾಹೇಬರು.
ಹೊಳಲ್ಕೆರೆ ದಾರಿ, ಶೇಂಗಾ ಹೊಲ, ಅಮಾವಾಸ್ಯೆ.
ಓಡುತ್ತಲೇ ಎರಡನೇ ಮ್ಯಾಗಜಿನ್ ತುರುಕಿದರು.
ಟಕ್ ಅನ್ನಲಿಲ್ಲ.
ಕೂದಲೆಳೆಯಷ್ಟು ಕೆಳಗೇ ನಿಂತಿತು.
ನಳಿಗೆಯಲ್ಲಿ ಗುಂಡಿತ್ತು, ಎದುರಿಗೆ ಮಚ್ಚಿತ್ತು,
ನಡುವೆ ಆ ನಾಲಿಗೆ.
'ಆಡಬೇಕಾದಾಗ ಬಾಯಿ ಕಟ್ಟೋ ಆಯುಧನ
ಗುಜರಿಗೆ ಹಾಕಬೇಕು ಪಾಲಕ್ಕ'
ಎನ್ನುತ್ತ ಭುಜ ಮುಟ್ಟಿಕೊಳ್ಳುತ್ತಿದ್ದರು, ಅಂಗಿ ಸರಿಸದೆ.

ಉಳಿದರ್ಧ ಕತೆ ಹೊರಗೆ ಬರುತ್ತಿದ್ದದ್ದು
ರಂಜಾನಿನ ಸಂಜೆ, ಉಪವಾಸ ಬಿಟ್ಟ ಮೇಲೆ ಮಾತ್ರ.
ಮಚ್ಚಿನೇಟಿಗೆ ಪಿಸ್ತೂಲು ಜಾರಿ ಆ ಹುಡುಗನ ಕೈ ಸೇರಿತು.
ಇವರ ಹಣೆಗಿಟ್ಟು ಮೂರು ಸಲ ಎಳೆದ.
ಕುದುರೆ ಕದಲಲಿಲ್ಲ.
ಇಷ್ಟು ಹೇಳಿ ಖರ್ಜೂರದ ಬೀಜವನ್ನು
ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಿರುತ್ತಿದ್ದರು.
ಆಮೇಲೆ ಉಗಿದು, 'ಆದ್ರೂ ಬೇಡ'.

ನನ್ನ ಬೆರಳಿಗೂ ತಕರಾರುಗಳಿವೆ.
ನಾಲಿಗೆಯಿರುವುದರ ಎಳೆತ ಒರಟು,
ಮರಳು ಬಿದ್ದ ರಾಗಿಹಿಟ್ಟು ನಾದಿದ ಹಾಗೆ.
ಒರೆಸಿ ಜೋಡಿಸಿ, ಖಾಲಿಯೇ ಅಂತ ಎಳೆದು ನೋಡಲು
ಮತ್ತೆ ಮ್ಯಾಗಜಿನ್ನನ್ನೇ ಒಳಗೆ ಹಾಕಬೇಕು,
ಮನೆಯಲ್ಲಿ ಯಾರೂ ಇಲ್ಲ ಅನ್ನಲು
ಒಬ್ಬರನ್ನು ಒಳಗೆ ಕೂರಿಸಿದಂತೆ.
ಹೊಸ ಹುಡುಗರು ಬೇರೆ. ಗೆಳೆಯನ ಮುಖಕ್ಕೆ ತಿರುಗಿಸಿ
'ಮ್ಯಾಗಜಿನ್ ಇಲ್ಲ ಬಿಡಕ್ಕ' ಅನ್ನುತ್ತಾರೆ.
ನಾಳೆ ಅದೇ ಕೈಗೆ ನಾಲಿಗೆಯಿಲ್ಲದ ಹಳೆಯದು ಬಂದರೆ?

ಚೌಕ ಎರಡು, ಒಂದೊಂದೂ ಉಗುರಿನಷ್ಟು.
ಬೋಸಯ್ಯನ ಅಂಗೈ ಹಿಡಿಸುವುದಿಲ್ಲ,
ಸಾಹೇಬರ ಹಣೆಯೂ.
ಎರಡನ್ನೂ ಬಿಟ್ಟು ಅಂಚಿನಲ್ಲಿ ಬರೆದೆ:
'ಇದ್ದರೂ ಇಲ್ಲದಿದ್ದರೂ
ಕಿರುಬೆರಳು ಹಾಕಿ ನೋಡುವುದು.'

ಒಂದು ತಿಂಗಳಿಗೆ ಕಡತ ವಾಪಸ್ಸು.
ಲೆಕ್ಕಪತ್ರ ಶಾಖೆಯ ಷರಾ, ಕೆಂಪು ಶಾಯಿ:
'ಸದರಿ ನಿಯತಕಾಲಿಕದ ವಾರ್ಷಿಕ ಚಂದಾ
ಎಷ್ಟೆಂದು ತಿಳಿಸುವುದು.'

ನಗಲು ಜೊತೆಗೆ ಯಾರೂ ಇರಲಿಲ್ಲ.
ಕರೆಂಟು ಹೋಗಿತ್ತು. ಜೋಗಿಮಟ್ಟಿ ಕಡೆಯಿಂದ ಗಾಳಿ
ಕಿಟಕಿಯ ತಗಡು ಬಡಿಯುತ್ತಿತ್ತು.
ಕತ್ತಲಲ್ಲಿ ಯಾವ ಪಿಸ್ತೂಲೆಂದು ನೋಡದೆ
ಬೆರಳು ಹಾಕಿದೆ. ತಣ್ಣಗಿತ್ತು, ಏನೂ ಇರಲಿಲ್ಲ.
ಮತ್ತೊಮ್ಮೆ ಹಾಕಿದೆ.